ಗೋಡೆಯಿಂದ ಎದ್ದುಹೋದ ಅಮ್ಮ

“ಅಮ್ಮ ಇಲ್ಲ! ಅಯ್ಯೋ, ಬನ್ರೋ, ಅಮ್ಮ ಇಲ್ಲ!”

ಶನಿವಾರ ಬೆಳಿಗ್ಗೆ ಆರೂವರೆ. ಕಿಂಬರ್ಲಿ ಬೀದಿಯ ಹಿಂದಿನ ಗಲ್ಲಿಯಲ್ಲಿ ಶಾವಿಗೆ ಸಾರಿನ ಕೈಗಾಡಿಯ ಹೆಂಗಸು ಗ್ವಾಟ್ ಕೀ ಕೂಗಿದ ಕೂಗಿಗೆ ಮೇಲಿನ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಎದುರಿನ ಚಹಾ ಅಂಗಡಿಯವನು ಸೋಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಓಡಿಬಂದ. ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸೊಬ್ಬಳು ಆಂಬುಲೆನ್ಸಿಗೆ ಫೋನ್ ಮಾಡಿಯೂಬಿಟ್ಟಳು. ಗ್ವಾಟ್ ಕೀಯ ತಾಯಿ ತೀರಿಕೊಂಡು ಹನ್ನೊಂದು ವರ್ಷವಾಗಿದೆ ಎಂಬುದು ಪಾಪ ಅವಳಿಗೆ ಗೊತ್ತಿರಲಿಲ್ಲ.

ಇಲ್ಲವಾಗಿದ್ದು ಗೋಡೆಯ ಮೇಲಿದ್ದ ಅಮ್ಮ. ಮೋಟು ಮಣೆಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಮುಂದೆ ಎರಡು ಇದ್ದಿಲ ಒಲೆ ಇಟ್ಟುಕೊಂಡು, ಶಾವಿಗೆ ಬಟ್ಟಲಿಗೆ ತೆಂಗಿನ ಹಾಲಿನ ಖಾರದ ಸಾರು ಹುಯ್ಯುತ್ತಿದ್ದ ಮುದುಕಿಯ ಆಳೆತ್ತರದ ಚಿತ್ರ. ಕಣ್ಣು ಬಟ್ಟಲ ಮೇಲೇ ಇದ್ದರೂ, ಸಾಲು ತಪ್ಪಿಸಿ ನುಗ್ಗುವವನನ್ನು ಅವಳು ಆಗಲೇ ನೋಡಿಯಾಗಿದೆ ಅನ್ನಿಸುತ್ತಿತ್ತು. ಅದರ ಮುಂದೆ ನಿಂತವರು ತಾವಾಗಿ ಸಾಲಿಗೆ ಸೇರುತ್ತಿದ್ದರು.

ಬರೆದವನು ಓಂಗ್ ಟೆಕ್ ಸೂನ್. ನಲವತ್ತು ವರ್ಷ ಈ ದ್ವೀಪದ ಪೇಟೆ ಜಾರ್ಜ್‌ಟೌನಿನ ಅಂಗಡಿ ಬೋರ್ಡುಗಳಿಗೆ ಚಿನ್ನದ ಅಕ್ಷರ ಬರೆದ ಕೈ ಅವನದು. ಮುದುಕಿ ಸತ್ತ ವರ್ಷ, ಯಾರೂ ಕೇಳದಿದ್ದರೂ ಏಣಿ ತಂದು ನಿಲ್ಲಿಸಿಕೊಂಡು ಹದಿನೇಳು ದಿನ ಬರೆದಿದ್ದ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆ ಬಲಗೈ ಬಿದ್ದುಹೋಯಿತು. ಅಂಥ ಚಿತ್ರವನ್ನು ಇನ್ನೊಮ್ಮೆ ಬರೆಯಬಲ್ಲವರು ಊರಲ್ಲಿ ಯಾರೂ ಇರಲಿಲ್ಲ.

ಈಗ ಅಲ್ಲಿದ್ದದ್ದು ಬರೀ ಇಟ್ಟಿಗೆ.

*

ಇನ್ಸ್‌ಪೆಕ್ಟರ್ ತಿಲಗವತಿ ಏಳು ಗಂಟೆಗೆ ಬಂದಳು. ಈ ಗಲ್ಲಿಗೆ ಅವಳೇನೂ ಹೊಸಬಳಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ಇದೇ ಕೈಗಾಡಿಯ ಮುಂದೆ ನಿಂತು ತಿಂದು ಬೆಳೆದವಳು. ಅವಳ ಹಿಂದೆ ಸಾರ್ಜೆಂಟ್ ಬಹರಿನ್. ಅವನ ಕೈಯಲ್ಲಿ ಅರ್ಧ ತಿಂದ ರೋಟಿ ಚನಾಯ್ ಪೊಟ್ಟಣ.

ತಿಲಗವತಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ನಿಂತಳು. ಗಾರೆಯನ್ನು ನಾಲ್ಕೂ ಕಡೆ ಗೆರೆ ಎಳೆದಂತೆ ಕತ್ತರಿಸಿದ್ದರು. ನೆಲದ ಮೇಲೆ ಸುಣ್ಣದ ಚೂರಿಲ್ಲ. ಅಂಚಿನಲ್ಲಿ ತೆಳು ಬಟ್ಟೆಯ ನಾಲ್ಕಾರು ಎಳೆಗಳು ಅಂಟಿನೊಂದಿಗೆ ಒಣಗಿ ನಿಂತಿದ್ದವು. ಬಲಗಡೆ ಕೆಳಮೂಲೆ ಮಾತ್ರ ಒರಟಾಗಿ ಮುರಿದಿತ್ತು.

“ಆಂಟಿ, ಇದು ಒಂದು ರಾತ್ರಿ ಕೆಲಸ ಅಲ್ಲ.”

“ರಾತ್ರಿ ಯಾರು ಹೇಳಿದ್ರು? ಹಗಲೇ ಮಾಡಿದಾರೆ. ನನ್ನ ಬೆನ್ನ ಹಿಂದೇನೇ!” ಗ್ವಾಟ್ ಕೀ ಅಂಗಿಯ ತುದಿಯಿಂದ ಮೂಗು ಒರೆಸಿಕೊಂಡಳು. “ಬುಧವಾರ ನೀಲಿ ಟಾರ್ಪಾಲಿನ್ ಕಟ್ಟಿದ್ರು. ‘ಗೋಡೆ ದುರಸ್ತಿ, ನಗರಸಭೆ’ ಅಂತ ಬೋರ್ಡು. ನಾಲ್ಕು ಭಾಷೇಲಿ! ನಾಲ್ಕು ಭಾಷೇಲಿ ಬರೆದಿದ್ರೆ ಯಾರು ಅನುಮಾನ ಪಡ್ತಾರೆ ಹೇಳು? ನಿನ್ನೆ ನಾನು ಗಾಡಿ ತಳ್ಕೊಂಡು ಹೋಗೋವರೆಗೂ ಅದು ಇತ್ತು. ಇವತ್ತು ಟಾರ್ಪಾಲಿನ್ನೂ ಇಲ್ಲ, ಅಮ್ಮನೂ ಇಲ್ಲ.”

“ಎಷ್ಟು ಜನ ಇದ್ರು?”

“ಇಬ್ಬರು. ಒಬ್ಬ ಆಚೆ ಬರ್ತಿದ್ದ. ತಲೆ ಮೇಲೆ ಹೆಲ್ಮೆಟ್ಟು, ಮೂಗು ಬಾಯಿಗೆ ಬಟ್ಟೆ. ಮಾತು ಕೇಳಿದ್ರೆ ಊರಿನವನಲ್ಲ. ಇನ್ನೊಬ್ಬ ನಾನು ಬರೋ ಮುಂಚೇನೇ ಒಳಗೆ, ನಾನು ಹೋದ ಮೇಲೂ ಒಳಗೇ. ಕಾಲಿನ ಚಪ್ಪಲೀನೂ ಕಾಣ್ಲಿಲ್ಲ.”

“ಅಂದ್ರೆ ಮುಖ ನೋಡಿಲ್ಲ.”

“ಐವತ್ತು ವರ್ಷದಿಂದ ನಾನು ಯಾರ ಮುಖಾನೂ ನೋಡಿಲ್ಲ ಕಣೆ ಹುಡುಗಿ. ಸಾರು ನೋಡ್ಬೇಕಾ, ಮುಖ ನೋಡ್ಬೇಕಾ? ನಾನು ನೋಡೋದು ತೊಳೆಯೋಕೆ ಬರೋ ಬಟ್ಟಲು. ಮೂರು ದಿನ ಆ ಹೆಲ್ಮೆಟ್ಟಿನವನು ಎರಡೆರಡು ಬಟ್ಟಲು ಒಳಗೆ ತಗೊಂಡು ಹೋದ. ಒಂದು ನೆಕ್ಕಿದ ಹಾಗೆ ಖಾಲಿ ಬರ್ತಿತ್ತು. ಇನ್ನೊಂದರಲ್ಲಿ ಪುದೀನ ಎಲೆಗಳನ್ನೆಲ್ಲ ಆರಿಸಿ ಬಟ್ಟಲಿನ ಅಂಚಿಗೆ ಸಾಲಾಗಿ ಅಂಟಿಸಿಟ್ಟಿರೋನು, ಅಂಚೆ ಚೀಟಿ ಅಂಟಿಸಿದ ಹಾಗೆ. ಹುರಿದ ತೋಫುನ ಹಿಂಡಿ ಸಾರು ಕುಡಿದು ಸಿಪ್ಪೆ ಬಿಟ್ಟಿರೋನು. ಮೂರು ದಿನಾನೂ ಅದೇ. ನನಗೆ ಮೈ ಉರಿದುಹೋಯ್ತು.”

ಬಹರಿನ್ ನಕ್ಕ. ತಿಲಗವತಿ ನಗಲಿಲ್ಲ. ಪುಸ್ತಕ ತೆಗೆದು ಬರೆದುಕೊಂಡಳು.

ಗ್ವಾಟ್ ಕೀ ಒಲೆಯ ಇದ್ದಿಲನ್ನು ತಿರುಗಿ ಚೀಲಕ್ಕೆ ಸುರಿಯತೊಡಗಿದಳು.

“ಏನ್ ಮಾಡ್ತಿದೀರ ಆಂಟಿ?”

“ಮನೆಗೆ ಹೋಗ್ತೀನಿ. ಅಮ್ಮನ್ನ ತಂದು ನಿಲ್ಲಿಸು, ಆಮೇಲೆ ಒಲೆ ಹಚ್ತೀನಿ.”

*

ನಗರಸಭೆಯವರು ಅಂಥ ದುರಸ್ತಿಯೇ ಇಲ್ಲ ಎಂದರು. ಬೋರ್ಡು ಸುಳ್ಳು.

ಗೋಡೆಯ ಮಾಲೀಕ ಸಾ ಖೆಂಗ್‌ನನ್ನು ಕರೆಸಿದರು. ಚಿತ್ರ ನೋಡಲು ಬರುವವರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ ಎಂದು ಅವನು ಕೂಗಾಡಿದ್ದನ್ನು ಇಡೀ ಬೀದಿ ಕೇಳಿತ್ತು. ಒಂದು ದಿನ ಸುಣ್ಣ ಬಳಿಸಿಬಿಡುತ್ತೇನೆ ಎಂದೂ ಹೆದರಿಸಿದ್ದ.

“ಹೌದು, ಅಂದಿದ್ದೆ. ಬಳಿಸಿದ್ನಾ?” ಸಾ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ಮೇಡಂ, ನಾನು ಇರೋದು ಸೇತುವೆಯಾಚೆ. ಸೋಮವಾರ ಯಾರೋ ಫೋನ್ ಮಾಡಿದ. ನಗರಸಭೆಯಿಂದ, ಗೋಡೆ ಪುಕ್ಕಟೆ ರಿಪೇರಿ ಮಾಡ್ಕೊಡ್ತೀವಿ ಅಂದ. ಪುಕ್ಕಟೆ ಅಂದ್ಮೇಲೆ ನಾನು ಯಾಕೆ ಬೇಡ ಅನ್ಲಿ?”

“ಯಾರು ಅಂತ ಕೇಳ್ಲಿಲ್ವಾ?”

“ಪುಕ್ಕಟೆ ಅಂದ್ನಲ್ಲ!”

ಫೋನ್ ನಂಬರು ಯಾವುದೋ ಬಳಸಿ ಬಿಸಾಡಿದ ಸಿಮ್ಮಿನದು. ಅಲ್ಲಿಗೆ ಆ ದಾರಿ ಮುಚ್ಚಿತು.

ಮಧ್ಯಾಹ್ನ ಮೇಲಧಿಕಾರಿಯ ಆದೇಶ ಬಂತು. ಮುದುಕ ಮೊಹಿದೀನನನ್ನು ಹಿಡಿದು ತನ್ನಿ. ಸುಣ್ಣದ ಗಾರೆಯನ್ನು ಗೋಡೆಯಿಂದ ಇಡಿಯಾಗಿ ಬಿಡಿಸುವ ವಿದ್ಯೆ ಊರಲ್ಲಿ ಅವನೊಬ್ಬನಿಗೇ ಗೊತ್ತು. ಎಪ್ಪತ್ತನಾಲ್ಕು ವರ್ಷ. ಈ ಊರಿನ ಅರ್ಧ ಗುಡಿ, ಮಸೀದಿಗಳ ಗಾರೆ ಅವನ ಕರಣೆಯಿಂದಲೇ ಎದ್ದದ್ದು.

ಮೊಹಿದೀನ್ ಠಾಣೆಯ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದ. ಪಕ್ಕದಲ್ಲಿ ಅವನದೇ ಚಹಾದ ಫ್ಲಾಸ್ಕು.

“ಹೇಗೆ ತೆಗೀತಾರೆ ಚಾಚಾ?” ತಿಲಗವತಿ ಕೇಳಿದಳು.

“ಚಿತ್ರದ ಮೇಲೆ ತೆಳು ಬಟ್ಟೆ ಅಂಟಿಸ್ಬೇಕಮ್ಮ. ಒಣಗಿದ ಮೇಲೆ ಸುತ್ತ ಕೊಯ್ದು, ಹಿಂದಿನಿಂದ ಉದ್ದ ಅಲಗು ಹಾಕಿ ನಿಧಾನಕ್ಕೆ ಎಬ್ಬಿಸ್ಬೇಕು. ಕಾವಲಿಯಿಂದ ದೋಸೆ ಎಬ್ಬಿಸಿದ ಹಾಗೆ. ಅವಸರ ಮಾಡಿದ್ರೆ ಕಿತ್ತು ಬರುತ್ತೆ.”

ಅವಳು ಗೋಡೆಯ ಫೋಟೋ ತೋರಿಸಿದಳು. ಮುದುಕ ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ.

“ಕಲಿತವನು ಚೆನ್ನಾಗೇ ಕಲಿತಿದಾನೆ. ಆದ್ರೆ ಈ ಮೂಲೆ ನೋಡು. ಇಲ್ಲಿ ಅವನಿಗೆ ತಾಳ್ಮೆ ಸಾಲ್ಲಿಲ್ಲ. ನಾನಾಗಿದ್ರೆ ಈ ಮೂಲೆ ಮುರೀತಿರ್ಲಿಲ್ಲ.” ಅವನ ದನಿಯಲ್ಲಿ ಭಯಕ್ಕಿಂತ ಬೇಸರ ಹೆಚ್ಚಿತ್ತು.

“ಯಾರಿಗಾದ್ರೂ ಕಲಿಸಿದೀರಾ?”

“ಹೋದ ವರ್ಷ ಡೆಸ್ಮಂಡ್ ಯೀಪ್‌ನ ಕಾಫಿ ಅಂಗಡಿ ಮಹಡೀಲಿ ಎರಡು ದಿನ ಪಾಠ ಮಾಡಿದೆ. ಹಳೇ ಗೋಡೆ ಉಳಿಸ್ಬೇಕು ಅಂತ ಹನ್ನೆರಡು ಜನ ಸೇರಿದ್ರು. ಎಲ್ಲಾ ಮಾತಿನ ಮಲ್ಲರು. ಕರಣೆ ಹಿಡಿದವನೊಬ್ಬನೂ ಸರಿಯಾಗಿ ಕಲೀಲಿಲ್ಲ.”

“ಡೆಸ್ಮಂಡ್?”

“ಅವನು ಕೂರಲೇ ಇಲ್ಲ. ಪಕ್ಕದಲ್ಲಿ ನಿಂತು ಪೂರ್ತಿ ವಿಡಿಯೋ ಮಾಡ್ಕೊಂಡ.”

ತಿಲಗವತಿ ಮೇಲಧಿಕಾರಿಗೆ ಫೋನ್ ಮಾಡಿದಳು. “ಸಾರ್, ಇವರನ್ನ ಮನೆಗೆ ಕಳಿಸ್ತಿದೀನಿ. ಟಾರ್ಪಾಲಿನ್ ಒಳಗಿದ್ದ ಇಬ್ಬರೂ ಮೂರು ದಿನ ಗ್ವಾಟ್ ಕೀ ಆಂಟಿಯ ಕರಿ ಮೀ, ಆ ಶಾವಿಗೆ ಸಾರು, ತಿಂದಿದಾರೆ. ಅದರಲ್ಲಿ ಹಂದಿರಕ್ತದ ತುಂಡು ಇರುತ್ತೆ. ಐದು ಹೊತ್ತು ನಮಾಜು ಮಾಡೋ ಈ ಮುದುಕರು ಆ ಬಟ್ಟಲಿಗೆ ಬಾಯಿ ಹಚ್ತಾರಾ?”

“ಕಳಿಸಿ, ಕಳಿಸಿ,” ಎಂದು ಮೇಲಧಿಕಾರಿ ಫೋನಿಟ್ಟ.

*

ಡೆಸ್ಮಂಡ್ ಯೀಪ್ ಎಂದರೆ ಊರಲ್ಲಿ ಎಲ್ಲರಿಗೂ ಇಷ್ಟ. ಹುಲ್ಲಿನ ಟೋಪಿ, ಬಾಯ್ತುಂಬ ನಗು. ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಗೋಡೆಯಿಂದ ಗೋಡೆಗೆ, ತಿಂಡಿಯಿಂದ ತಿಂಡಿಗೆ ಪ್ರವಾಸಿಗರನ್ನು ಕರೆದೊಯ್ಯುವುದು ಅವನ ಕಸುಬು. ಚಿತ್ರ ಕಳುವಾದ ದಿನ ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಹುಡುಕಿಕೊಟ್ಟವರಿಗೆ ಬಹುಮಾನ ಎಂದು ಚೀಟಿ ಅಂಟಿಸಿದವನೂ ಅವನೇ.

ಭಾನುವಾರ ಅವನ ಗುಂಪಿನ ಜೊತೆ ತಿಲಗವತಿಯೂ ನಿಂತಿದ್ದಳು.

“ಇನ್ಸ್‌ಪೆಕ್ಟರ್ ಮೇಡಂ! ನೀವೂನಾ?”

“ಹುಟ್ಟಿದ ಊರು. ಸರಿಯಾಗಿ ನೋಡೇ ಇಲ್ಲ ಅನ್ನಿಸ್ತು.”

ಅವನ ಮಾತು ಕೇಳುವಂತಿತ್ತು, ಅದನ್ನು ಒಪ್ಪಲೇಬೇಕು. ನಿಜವಾದ ಕಿಟಕಿಯ ಪಕ್ಕ ಬಣ್ಣದ ಕಿಟಕಿ ಬರೆದು, ಅದರ ಮೇಲೆ ಬೆಕ್ಕೊಂದನ್ನು ಮಲಗಿಸಿದ್ದ ಗೋಡೆ ತೋರಿಸಿದ. “ಈ ಬೆಕ್ಕು ಇದೇ ಮನೇದು. ಬರೆಯೋವಾಗ ಮಲಗಿತ್ತು, ಎದ್ದು ಹೋಗೋಷ್ಟರಲ್ಲಿ ಮುಗಿಸ್ಬೇಕಿತ್ತು. ಬಾಲ ನೋಡಿ, ಒಂದೇ ಎಳೆತ!” ಪ್ರವಾಸಿಗರು ನಕ್ಕರು. ತಿಲಗವತಿ ದಿನಾ ನೋಡುತ್ತಿದ್ದ ಆ ಬಾಲವನ್ನು ಅಂದು ಮೊದಲ ಸಲ ನೋಡಿದಳು. ಮುಂದಿನ ತಿರುವಿನಲ್ಲಿ ದೋಣಿಯವನ ಚಿತ್ರ. ಅವನ ಕೈಯಲ್ಲಿ ನಿಜವಾದ ಹಗ್ಗ, ಗೋಡೆಯ ಕೊಂಡಿಗೆ ಕಟ್ಟಿದ್ದು. ಅದರ ಎದುರಿಗೇ ಮಣ್ಣಿನ ಬಾಣಲೆಗಳಲ್ಲಿ ಆಪಂ ಹುಯ್ಯುತ್ತಿದ್ದ ಅಜ್ಜ. ಅಂಚು ಗರಿಗರಿ, ನಡುವೆ ಮೆತ್ತಗೆ, ಬಾಳೆಹಣ್ಣಿನ ಬಿಲ್ಲೆ. ಬಿಸಿಗೆ ಬೆರಳುಗಳನ್ನು ಉಫ್ ಉಫ್ ಎಂದು ಊದುತ್ತ ತಿಂದರು.

ಹನ್ನೊಂದಕ್ಕೆ ಸಂತೆಯ ಮೂಲೆಯಲ್ಲಿ ಲಕ್ಸಾ, ಅಂದರೆ ಮೀನುಸಾರಿನ ಶಾವಿಗೆಯ ಅಂಗಡಿ.

“ಹುಳಿ ಲಕ್ಸಾದ ಜೀವ ಇರೋದು ಬಂಗುಡೆ ಮೀನಲ್ಲಿ,” ಎಂದ ಡೆಸ್ಮಂಡ್. “ತಾಜಾ ಮೀನಿಲ್ದಿದ್ರೆ ಅದು ಲಕ್ಸಾ ಅಲ್ಲ, ಬರೀ ಹುಣಸೆ ನೀರು. ಪ್ರವಾಸಕ್ಕೆ ಹೊಸ ದಾರಿ ಹುಡುಕ್ತಾ ಬುಧವಾರದಿಂದ ಮೂರು ದಿನ ದ್ವೀಪದ ಆ ತುದಿ ಊರು ಬಾಲಿಕ್ ಪುಲಾವ್‌ನಲ್ಲಿದ್ದೆ. ಗುರುವಾರ ಅಲ್ಲಿ ತಿಂದ ಲಕ್ಸಾ ಇದೆಯಲ್ಲ, ಆಹಾ! ಮೀನು ಆಗ ತಾನೇ ದೋಣಿಯಿಂದ ಇಳಿದದ್ದು. ಊರಿಗೆ ವಾಪಸ್ ಬಂದ್ರೆ ಗೋಡೆ ಖಾಲಿ.” ಟೋಪಿ ತೆಗೆದು ಎದೆಗೊತ್ತಿಕೊಂಡ.

ಎಲ್ಲರಿಗೂ ಜಾಯಿಕಾಯಿ ಹಣ್ಣಿನ ಶರಬತ್ತು ತರಲು ಅವನು ಎದುರಿನ ಅಂಗಡಿಗೆ ಹೋದ. ಲಕ್ಸಾ ಹೆಂಗಸು ತಿಲಗವತಿಯ ಮುಂದೆ ಬಟ್ಟಲಿಟ್ಟಳು.

“ತಿನ್ನಮ್ಮ, ತಿನ್ನು. ಐದು ದಿನ ಆದ್ಮೇಲೆ ಇವತ್ತೇ ಒಲೆ ಹಚ್ಚಿದ್ದು.”

“ಯಾಕೆ ಆಂಟಿ?”

“ಗಾಳಿ ಹೇಗಿತ್ತು ನೋಡ್ಲಿಲ್ವಾ? ಮಂಗಳವಾರದಿಂದ ಒಂದು ದೋಣೀನೂ ಸಮುದ್ರಕ್ಕೆ ಇಳೀಲಿಲ್ಲ. ಬಂಗುಡೆ ಎಲ್ಲಿಂದ ಬರ್ಬೇಕು?”

“ಬಾಲಿಕ್ ಪುಲಾವ್ ಕಡೆ ಸಿಕ್ಕಿರ್ಬಹುದು.”

“ಎಲ್ಲಿ ಸಿಗುತ್ತೆ? ಅಲ್ಲಿರೋದು ನಮ್ಮಕ್ಕನ ಅಂಗಡಿ. ಅವಳೂ ನಿನ್ನೆವರೆಗೆ ಬಾಗಿಲು ಹಾಕ್ಕೊಂಡು ಟೀವಿ ನೋಡ್ತಿದ್ಲು.”

ತಿಲಗವತಿ ಚಮಚ ಬಾಯಿಗಿಟ್ಟಳು. ಹುಳಿ, ಖಾರ, ಶುಂಠಿ ಹೂವಿನ ಘಮ. ಕಣ್ಣಲ್ಲಿ ನೀರು ಬಂತು. ಬಟ್ಟಲು ಖಾಲಿ ಮಾಡಿಯೇ ಎದ್ದಳು. ಆಮೇಲೆ ಬಾಲಿಕ್ ಪುಲಾವ್ ಠಾಣೆಗೆ ಫೋನ್ ಮಾಡಿದಳು. ಗುರುವಾರ ಅಲ್ಲಿ ಲಕ್ಸಾ ಮಾರಿದವರು ಒಬ್ಬರೂ ಇರಲಿಲ್ಲ.

*

ಅಂದು ಸಂಜೆ ತಿಲಗವತಿ ಗ್ವಾಟ್ ಕೀಯ ಮನೆಗೆ ಹೋದಳು.

“ಆಂಟಿ, ನಾಳೆ ಒಲೆ ಹಚ್ಬೇಕು.”

“ಅಮ್ಮ ಸಿಕ್ಕಿದ್ಲಾ?”

“ಅಮ್ಮನ್ನ ಹುಡುಕೋಕೇ ಹಚ್ಬೇಕು. ಕಳ್ಳನ ಮುಖ ನಂಗೂ ಗೊತ್ತಿಲ್ಲ ಅಂತಿಟ್ಕೊಳ್ಳಿ. ಅವನ ಬಟ್ಟಲು ನಿಮಗೆ ಗೊತ್ತಲ್ಲ?”

ಗ್ವಾಟ್ ಕೀ ಅವಳನ್ನೇ ದಿಟ್ಟಿಸಿದಳು. ಎದ್ದು ಒಳಗೆ ಹೋಗಿ ಒಣ ಮೆಣಸಿನಕಾಯಿ ನೆನೆಹಾಕಿದಳು.

*

ಸೋಮವಾರ ಬೆಳಿಗ್ಗೆ ಎಂಟು. ಗಲ್ಲಿಯಲ್ಲಿ ಮತ್ತೆ ತೆಂಗಿನ ಹಾಲು ಕುದಿಯುವ ವಾಸನೆ. ಅಮ್ಮನ ನೆನಪಿಗೆ ಊಟ ಎಂದು ಎಲ್ಲರನ್ನೂ ಕರೆದಿತ್ತು. ಮಾಲೀಕ ಸಾ ಬಂದ. ಟೆಕ್ ಸೂನ್ ಊರುಗೋಲು ಹಿಡಿದು ಬಂದ. ಡೆಸ್ಮಂಡ್ ಬಂದ. ಅಕ್ಕಪಕ್ಕದ ನಾಲ್ವರು ಬಂದರು. ಮೊಹಿದೀನ್ ದೂರದಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದ.

ಗ್ವಾಟ್ ಕೀ ಗಾಡಿಯ ಆ ಬದಿಯಲ್ಲಿ ಬೆನ್ನು ತಿರುಗಿಸಿ ಬಡಿಸಿದಳು. ಯಾರು ಎಲ್ಲಿ ಕೂತಿದ್ದಾರೆಂದು ಅವಳಿಗೆ ಕಾಣುತ್ತಿರಲಿಲ್ಲ. ಪ್ರತಿ ಬಟ್ಟಲಿನ ತಳಕ್ಕೂ ಬಹರಿನ್ ಮೊದಲೇ ಒಂದೊಂದು ಅಂಕಿ ಬರೆದಿದ್ದ; ಯಾವುದು ಯಾರಿಗೆ ಹೋಯಿತೆಂದು ಅವನೇ ಗುರುತಿಟ್ಟುಕೊಂಡ.

“ಮೂರು ವರ್ಷದಿಂದ ಇದರ ಗುಣಗಾನ ಮಾಡ್ತಿದೀನಿ,” ಎಂದ ಡೆಸ್ಮಂಡ್, ಊಟದ ಕಡ್ಡಿಗಳನ್ನು ಉಜ್ಜುತ್ತ. “ಜನರನ್ನ ಸುಧಾರಿಸೋದ್ರಲ್ಲಿ ಕೂತು ತಿನ್ನೋಕೆ ಒಂದಿನಾನೂ ಪುರುಸೊತ್ತಾಗಿಲ್ಲ. ಇವತ್ತೇ ಮೊದಲು.”

ಎಲ್ಲರೂ ತಿಂದರು. ಬಹರಿನ್ ಖಾಲಿ ಬಟ್ಟಲುಗಳನ್ನು ಒಂದೇ ತಟ್ಟೆಯಲ್ಲಿಟ್ಟು ಗಾಡಿಯ ಹಿಂದಕ್ಕೆ ಒಯ್ದ. ಗ್ವಾಟ್ ಕೀ ಒಂದೊಂದನ್ನೇ ಎತ್ತಿದಳು.

“ಇದು ಟೆಕ್‌ದು. ಎಡಗೈಲಿ ತಿಂದು ಮೈಯೆಲ್ಲ ಚೆಲ್ಲಿದಾನೆ. ಇದು ಜಿಪುಣಂದು, ಒಂದು ಹನಿ ಸಾರೂ ಬಿಟ್ಟಿಲ್ಲ.” ಸಾ ತಲೆ ತಗ್ಗಿಸಿದ. ಇನ್ನೊಂದು ಬಟ್ಟಲಿಗೆ ಅವಳ ಕೈ ನಿಂತಿತು. ಅಂಚಿನ ಸುತ್ತ ಪುದೀನ ಎಲೆಗಳು. ಸಾಲಾಗಿ, ಒಂದರ ಪಕ್ಕ ಒಂದು. ತಳದಲ್ಲಿ ಹಿಂಡಿ ಬಿಟ್ಟ ತೋಫು.

“ಇದು ಅವನದು!”

ಬಹರಿನ್ ಬಟ್ಟಲೆತ್ತಿ ತಳ ನೋಡಿದ. “ನಾಲ್ಕು. ಡೆಸ್ಮಂಡ್.”

ಡೆಸ್ಮಂಡ್ ಜೋರಾಗಿ ನಕ್ಕ. “ಪುದೀನ ನೋಡಿ ಕಳ್ಳನ್ನ ಹಿಡಿಯೋದಾ ಮೇಡಂ? ಕೋರ್ಟಲ್ಲಿ ಹೇಳಿ, ಜಡ್ಜ್ ಸಾಹೇಬರಿಗೂ ಒಂದು ಬಟ್ಟಲು ಕೊಡಿ.”

“ಬರೀ ಪುದೀನ ಅಲ್ಲ,” ಎಂದಳು ತಿಲಗವತಿ. “ಇವತ್ತೇ ಮೊದಲು ತಿಂದದ್ದು ಅಂದ್ರಿ. ಆಂಟಿ ಮೂರು ದಿನ ಈ ಬಟ್ಟಲು ತೊಳೆದಿದಾರೆ. ಅದು ಮೊದಲ ಸುಳ್ಳು. ಬಾಲಿಕ್ ಪುಲಾವ್‌ನಲ್ಲಿದ್ದೆ, ಗುರುವಾರ ಲಕ್ಸಾ ತಿಂದೆ ಅಂದ್ರಿ. ಆ ದಿನ ಇಡೀ ದ್ವೀಪದಲ್ಲಿ ಬಂಗುಡೆ ಇರ್ಲಿಲ್ಲ, ಅಲ್ಲಿ ಲಕ್ಸಾ ಮಾರಿದವರೂ ಇಲ್ಲ. ಅದು ಎರಡನೇದು. ಗಾರೆ ಎಬ್ಬಿಸೋ ವಿದ್ಯೆ ಚಾಚಾನಿಂದ ಕಲಿತವರಲ್ಲಿ ಪಾಠ ಪೂರ್ತಿ ವಿಡಿಯೋ ಇಟ್ಕೊಂಡವರು ನೀವೊಬ್ಬರೇ. ಹಗಲಲ್ಲೇ ಮಾಡಿದ್ದು ಜಾಣತನ. ರಾತ್ರಿ ಸದ್ದಾದ್ರೆ ಎಲ್ಲರೂ ಏಳ್ತಾರೆ, ಹಗಲು ಸದ್ದಾದ್ರೆ ಕೆಲಸ ನಡೀತಿದೆ ಅಂದ್ಕೋತಾರೆ. ಆದ್ರೆ ಒಳಗೆ ಕೂತವನಿಗೂ ಮೂಗಿದೆಯಲ್ಲ? ಈ ಸಾರಿನ ವಾಸನೆ ಮೂರಡಿ ದೂರದಿಂದ ಬರ್ತಿದ್ರೆ ಯಾರು ತಾನೇ ತಡ್ಕೋತಾರೆ? ತರಿಸ್ಕೊಂಡ್ರಿ.”

ಡೆಸ್ಮಂಡ್‌ನ ನಗು ನಿಂತಿತು.

“ಅಂಗಡಿ ಬೀಗದ ಕೈ ಕೊಡ್ತೀರಾ?”

ಕೊಡಲಿಲ್ಲ. ಬೀಗ ಒಡೆಯಬೇಕಾಯಿತು. ಪ್ರವಾಸಿಗರು ಕೂತು ಕಾಫಿ ಕುಡಿಯುವ ಉದ್ದ ಬೆಂಚಿನ ಕೆಳಗೆ ಚಪ್ಪಟೆ ಮರದ ಪೆಟ್ಟಿಗೆ. ಒಳಗೆ ಎರಡು ಹಲಗೆಗಳ ನಡುವೆ, ಬಟ್ಟೆ ಅಂಟಿಸಿದ ಹಾಗೇ, ಅಮ್ಮ. ಮಂಗಳವಾರದ ಹಡಗಿಗೆ ಸಾಗಿಸಲು ಚೀಟಿಯೂ ಸಿದ್ಧವಾಗಿತ್ತು.

“ಮಳೆ ತಿಂದುಹಾಕ್ತಿತ್ತು ಅದನ್ನ!” ಡೆಸ್ಮಂಡ್ ಕೂಗಿದ. “ಪ್ರತಿ ವರ್ಷ ಬಣ್ಣ ಉದುರ್ತಿತ್ತು. ನೀವ್ಯಾರೂ ನೋಡ್ತಿರ್ಲಿಲ್ಲ, ನಾನು ನೋಡ್ತಿದ್ದೆ. ಕೊಂಡವರ ಮನೇಲಿ ತಣ್ಣನೆ ಕೋಣೇಲಿ ನೂರು ವರ್ಷ ಇರ್ತಿತ್ತು.”

“ಆ ಕೋಣೆಗೆ ಆಂಟಿಗೆ ಪ್ರವೇಶ ಇತ್ತಾ?”

ಪೇಟೆಯ ಆ ಚೆಂದದ ಮಾತುಗಾರನನ್ನು ಬಹರಿನ್ ಜೀಪಿಗೆ ಹತ್ತಿಸಿದ. ಹೆಲ್ಮೆಟ್ಟಿನವನು ಹೊರಗಿಂದ ಕರೆಸಿದ ಕೂಲಿಯವನು, ಆಗಲೇ ಊರು ಬಿಟ್ಟಿದ್ದ. ತಿಲಗವತಿಗೆ ಆ ಬೆಕ್ಕಿನ ಬಾಲದ ಮಾತು ನೆನಪಾಯಿತು.

*

ಗಾರೆಯನ್ನು ತಿರುಗಿ ಕೂರಿಸಲು ಮೊಹಿದೀನ್‌ಗೆ ಐದು ವಾರ ಹಿಡಿಯಿತು. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಖರ್ಚು ಕೊಟ್ಟವನು ಸಾ ಖೆಂಗ್. ಯಾಕೆಂದು ಕೇಳಿದವರ ಮೇಲೆ ಅವನು ರೇಗಿದ.

ಬಟ್ಟೆಯನ್ನು ಬಿಸಿನೀರಲ್ಲಿ ನೆನೆಸಿ ಬಿಡಿಸಿದಾಗ ಮುಖ ಇತ್ತು, ಒಲೆ ಇತ್ತು, ಸಾಲಿಗೆ ನುಗ್ಗುವವನನ್ನು ಹಿಡಿಯುವ ಆ ನೋಟವಿತ್ತು. ಕೆಳಮೂಲೆ ಇರಲಿಲ್ಲ. ಅಲ್ಲಿ ಬಟ್ಟಲು ಹಿಡಿದಿದ್ದ ಎಡಗೈ ಇದ್ದದ್ದು ಪುಡಿಯಾಗಿತ್ತು. ಮೊಹಿದೀನ್ ಹೊಸ ಗಾರೆ ಹಾಕಿ ನಯ ಮಾಡಿ, ಜಾಗವನ್ನು ಬಿಳಿಯಾಗಿ ಬಿಟ್ಟ.

ಟೆಕ್ ಸೂನ್ ಮಣೆಯ ಮೇಲೆ ಕೂತು ಎಡಗೈಯಲ್ಲಿ ಕುಂಚ ಹಿಡಿದ. ಎರಡು ಸಲ ಗೆರೆ ಎಳೆದ, ಎರಡು ಸಲವೂ ಒದ್ದೆ ಬಟ್ಟೆಯಿಂದ ಒರೆಸಿದ. ಕೊನೆಗೆ ಕುಂಚವನ್ನು ಗ್ವಾಟ್ ಕೀಯತ್ತ ಚಾಚಿದ.

“ಹುಚ್ಚು ಹಿಡೀತಾ?” ಎಂದಳು ಅವಳು. “ನಂಗೆ ನೆಟ್ಟಗೆ ಒಂದು ಗೆರೆ ಬರಲ್ಲ.”

“ಐವತ್ತು ವರ್ಷ ಬಟ್ಟಲು ಹಿಡಿದಿದೀಯ. ಕೈ ಹೇಗಿರುತ್ತೆ ಅಂತ ನನಗಿಂತ ನಿಂಗೆ ಗೊತ್ತು. ನಿನ್ನ ಕೈ ನೋಡ್ಕೋ, ಬಿಡಿಸು. ಬಣ್ಣ ನಾನು ಕಲಸ್ತೀನಿ.”

“ಕೆಟ್ಟರೆ?”

“ಕೆಟ್ಟರೆ ಒರೆಸೋಣ. ಚಾಚಾ ಮತ್ತೆ ಗಾರೆ ಹಾಕ್ತಾನೆ. ನಮಗೇನು ಎಲ್ಲಿಗಾದ್ರೂ ಹೋಗೋದಿದೆಯಾ?”

ಅವಳು ಎಡಗೈಯಲ್ಲಿ ಖಾಲಿ ಬಟ್ಟಲು ಹಿಡಿದು ಬಹಳ ಹೊತ್ತು ನೋಡಿಕೊಂಡಳು. ಹೆಬ್ಬೆರಳು ಅಂಚಿನ ಮೇಲೆ. ಸುಟ್ಟ ಕಲೆಗಳು, ಊದಿದ ಗಿಣ್ಣುಗಳು. ಆಮೇಲೆ ಬಗ್ಗಿ ಮೊದಲ ಗೆರೆ ಎಳೆದಳು. ಟೆಕ್ ಸೂನ್ ಪಕ್ಕದಲ್ಲಿ ಬಣ್ಣ ಕಲಸುತ್ತಿದ್ದ.

ಆ ಕಡೆ ಗಾಡಿಯ ಮುಂದೆ ಸಾಲು ಬೆಳೆಯಿತು. ಹತ್ತು ಜನ, ಹದಿನೈದು ಜನ. ಒಲೆಯ ಮೇಲೆ ಸಾರು ತನ್ನಷ್ಟಕ್ಕೆ ಕುದಿಯುತ್ತಿತ್ತು. ಸಾಲಿನ ಮುಂದೆ ಸಮವಸ್ತ್ರದಲ್ಲೇ ನಿಂತಿದ್ದ ತಿಲಗವತಿಗೆ ಠಾಣೆಗೆ ಹೊತ್ತಾಗುತ್ತಿತ್ತು.

“ಆಂಟಿ, ಇನ್ನೂ ಎಷ್ಟು ಹೊತ್ತು?”

“ಅವಸರ ಇದ್ರೆ ಪಕ್ಕದ ಬೀದೀಲಿ ಹೋಗಿ ತಿನ್ನು,” ಎಂದಳು ಗ್ವಾಟ್ ಕೀ, ತಿರುಗಿಯೂ ನೋಡದೆ. “ಹೆಬ್ಬೆರಳಿನ ಉಗುರು ಬಾಕಿ ಇದೆ.”

ಸಾಲಿನಿಂದ ಒಬ್ಬರೂ ಕದಲಲಿಲ್ಲ.